ಕೊನೆಯ ಮನೆಯ ಚಹಾ

ಆ ಬೆಳಿಗ್ಗೆ ಆಫೀಸಿನ ಫೋನು ರಿಂಗಾದಾಗ ನಾನು ಟೆಲಿಫೋನ್ ಕಂಪನಿಯ ಹೆಣ್ಣುಮಗಳಾಗಿದ್ದೆ. "ನೀವು ಕರೆ ಮಾಡಿರುವ ಆಫೀಸು ಸದ್ಯಕ್ಕೆ ಚಹಾ ಕುಡಿಯುತ್ತಿದೆ, ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ" ಎಂದು ಮೂಗಿನಲ್ಲಿ ರಾಗ ಎಳೆದೆ. ಎದುರು ಟೇಬಲ್ಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಫೋನಿನ ಆ ಕಡೆಯಿಂದ ಮಾತ್ರ ನಗು ಬರಲಿಲ್ಲ.

"ಕಮಲಾಪುರದಿಂದ ಮಾತಾಡ್ಲಾಕತ್ತೀನ್ರಿ. ಅಪ್ಪಾ ಹೋದ್ರು."

ಅದು ನಿವೃತ್ತರಾದ ನಮ್ಮ ಸಾಹೇಬರ ಮಗಳು. ನಾನು ಹೆಂಗಸಿನ ಧ್ವನಿಯಲ್ಲೇ "ಯಾವಾಗ್ರಿ?" ಎಂದೆ. ಗಂಟಲು ತಿರುಗಿಸಿ ಸರಿಮಾಡಿಕೊಳ್ಳುವಷ್ಟೂ ಪುರುಸೊತ್ತಾಗಲಿಲ್ಲ. "ಇವತ್ತ ನಸುಕಿನಾಗ," ಎಂದಳು. ಆಮೇಲೆ, "ನೀವು ಆ ಧ್ವನಿ ಮಾಡೋ ಅಣ್ಣಾ ಅಲ್ಲಾ? ಅಪ್ಪ ನಿಮ್ಮ ಸುದ್ದಿ ಭಾಳ ಹೇಳ್ತಿದ್ರು. ಈ ನಂಬರ ಗ್ವಾಡಿ ಮ್ಯಾಲ ಬರದಿಟ್ಟಾರ, ಅದಕ್ಕ ಮೊದಲ ಇಲ್ಲೇ ಹಚ್ಚೀನಿ" ಎಂದಳು.

ನನ್ನ ಸುದ್ದಿ ಏನು ಹೇಳುತ್ತಿದ್ದರು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ನಾನು ನಮ್ಮೂರಿನ ನೀರು ಮತ್ತು ಒಳಚರಂಡಿ ಆಫೀಸಿನಲ್ಲಿ ದೂರು ಬರೆದುಕೊಳ್ಳುವ ಗುತ್ತಿಗೆ ನೌಕರ. ಫೋನ್ ಎತ್ತುವುದು, ಬೈಸಿಕೊಳ್ಳುವುದು, ಬೈದದ್ದನ್ನು ಮರ್ಯಾದಸ್ಥರ ಭಾಷೆಗೆ ತಂದು ಕಂಪ್ಯೂಟರಿಗೆ ತುಂಬುವುದು, ಇಷ್ಟೇ ಕೆಲಸ. "ನಿಮ್ಮ ನಳಕ್ಕ ಬೆಂಕಿ ಹತ್ಲಿ" ಎಂದರೆ "ನೀರು ಸರಬರಾಜಿನಲ್ಲಿ ವ್ಯತ್ಯಯ" ಎಂದು ಬರೆಯಬೇಕು. ನೋಡಿದವರಿಗೆ ನೆನಪುಳಿಯುವ ಮುಖ ನನ್ನದಲ್ಲ. ಸ್ವಂತ ಧ್ವನಿಯೂ ಅಷ್ಟಕ್ಕಷ್ಟೇ, ಖಾಲಿ ಪ್ಲಾಸ್ಟಿಕ್ ಬಕೆಟ್ಟಿಗೆ ನೀರು ಬಿದ್ದಂತೆ. ಹಾಗಾಗಿ ಸಣ್ಣವನಿದ್ದಾಗಿನಿಂದಲೂ ಬೇರೆಯವರ ಧ್ವನಿಯಲ್ಲಿ ಬದುಕುವುದನ್ನು ಕಲಿತೆ. ಸ್ಟೇಶನ್ ಬಜಾರದ ಆಟೋದವರು, ರೋಜಾ ಬಡಾವಣೆಯ ಕಡೆ ಅತ್ತರು ಮಾರುವ ಮುದುಕ, ಭಾಷಣ ಮಾಡುವಾಗ ಉಸಿರು ಬಿಡುವುದನ್ನೇ ಮರೆಯುವ ನಮ್ಮ ವಾರ್ಡಿನ ಮೆಂಬರು, ಪೊರಕೆ ಹಿಡಿದ ನಮ್ಮವ್ವ, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆಗೆ ಇದ್ದರು. ಅವರಲ್ಲೆಲ್ಲ ನನಗೆ ಚಪ್ಪಾಳೆ ಗಿಟ್ಟಿಸಿಕೊಟ್ಟವರು ಸಾಹೇಬರು.

ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಸೇರುತ್ತಿರಲಿಲ್ಲ. ನಮ್ಮ ಸೆಕ್ಷನ್ನಿನ ಇಂಜಿನಿಯರು ಅವರು. ದಿನಾ ಕಮಲಾಪುರದಿಂದ ಬಸ್ಸಿನಲ್ಲಿ ಬಂದು ಬಸ್ಸಿನಲ್ಲೇ ಹೋಗುತ್ತಿದ್ದರು. ಒಂದು ಕೈಯಲ್ಲಿ ರೊಟ್ಟಿ ಡಬ್ಬಿಯ ಚೀಲ, ಇನ್ನೊಂದರಲ್ಲಿ ಕಬ್ಬಿಣದ ಉದ್ದನೆಯ ಸಲಾಕೆ. ಸಲಾಕೆಯ ಒಂದು ತುದಿ ನೆಲದ ಪೈಪಿನ ಮೇಲಿಟ್ಟು ಇನ್ನೊಂದು ತುದಿಗೆ ಕಿವಿ ಹಚ್ಚಿ ನೀರು ಎಲ್ಲಿ ಸೋರುತ್ತಿದೆ ಎಂದು ಕೇಳುತ್ತಿದ್ದರು. ಮೊದಲ ಸಲ ನೋಡಿದಾಗ ನಾನು, "ಏನ್ರಿ ಸಾಹೇಬ್ರ, ಭೂಮಿತಾಯಿ ಏನಂತಾಳ?" ಎಂದಿದ್ದೆ. ಅವರು ಕಿವಿ ತೆಗೆಯದೆ, "ಸುಮ್ಮ ಕೂಡು ಅಂತಾಳ, ನಿನಗ," ಎಂದರು. ಅವರ ಪ್ಯಾಂಟಿನ ಕೆಳಗಿನ ಎರಡು ಮಡಿಕೆ ನಾನು ಕಂಡಂತೆ ಎಂದೂ ಬಿಚ್ಚಿರಲಿಲ್ಲ. ಮದುವೆ ಊಟಕ್ಕೆ ಬಂದರೂ ಗಟಾರ ದಾಟಲು ತಯಾರಾಗಿಯೇ ಬರುತ್ತಿದ್ದರು.

"ಇಲ್ಲ" ಎನ್ನುವ ಮೊದಲು ಸಾಹೇಬರು ಕೆಮ್ಮುತ್ತಿದ್ದರು. ಹೌದು ಎನ್ನಲು ಕೆಮ್ಮು ಬೇಕಿರಲಿಲ್ಲ. ಇಲ್ಲ ಎನ್ನಬೇಕಾದಾಗ ಮಾತ್ರ ಮುಷ್ಟಿ ಬಾಯಿಗೆ ಬರುತ್ತಿತ್ತು, ಎರಡು ಸಣ್ಣ ಕೆಮ್ಮು, ಆಮೇಲೆ "ಕೇಳ್ರಿ, ಹಿಂಗದ…" ಎಂದು ಶುರು. ಆ ಕೆಮ್ಮು ಕೇಳಿದ್ದೇ ಅರ್ಜಿದಾರರು ಎದ್ದು ಚಪ್ಪಲಿ ಹುಡುಕತೊಡಗುತ್ತಿದ್ದರು. ನಾನು ಮೊದಲು ಕಲಿತದ್ದೇ ಆ ಕೆಮ್ಮು. ಅವರಿಗೆ ಗೊತ್ತಾದಾಗ ಬೈಯುತ್ತಾರೆಂದು ಹೆದರಿದ್ದೆ. "ಮಾಡು, ನೋಡೂಣು," ಎಂದು ಕುರ್ಚಿ ಎಳೆದುಕೊಂಡು ಕೂತರು. ನಾನು ಮಾಡಿದೆ. ಕಣ್ಣಲ್ಲಿ ನೀರು ಬರುವ ತನಕ ನಕ್ಕು, "ಮಗನ, ನಾ ಮೂವತ್ತು ವರ್ಷ ಹಿಂಗ ಕೆಮ್ಮೀನಿ, ಒಬ್ಬರೂ ಹೇಳಿಲ್ಲ ನೋಡು ನನಗ," ಎಂದರು. ಅಂದಿನಿಂದ ಮಧ್ಯಾಹ್ನ ಊಟದ ಹೊತ್ತಿಗೆ ವಾರಕ್ಕೊಮ್ಮೆಯಾದರೂ "ಎಲ್ಲಿ, ನಮ್ಮನ್ನ ಕರಿ" ಎನ್ನುವರು. ನಾನು ಅವರ ಎದುರೇ ಅವರಾಗುತ್ತಿದ್ದೆ. ಮಾಡಿದ್ದಕ್ಕೆ ಕೂಲಿ, ಅವರ ಹಿತ್ತಲಿನ ಒಂದು ಕೆಂಪು ಬಾಳೆಹಣ್ಣು. ಕಮಲಾಪುರದ ಆ ಹಣ್ಣು ಪೇಟೆಯಲ್ಲಿ ಕೊಳ್ಳಲು ಹೋದರೆ ನನ್ನಂಥ ಗುತ್ತಿಗೆಯವನು ಬೆಲೆ ಕೇಳಿ ನಮಸ್ಕಾರ ಮಾಡಿ ಬರಬೇಕು.

ಅವರ ನೀರಿನ ಲೆಕ್ಕಾಚಾರ ಬೇರೆಯವರಂತಲ್ಲ. ನಮ್ಮಲ್ಲಿ ಎಲ್ಲರೂ ಟಾಕಿಯಿಂದ ಶುರು ಮಾಡುತ್ತಾರೆ: ಟಾಕಿಯಲ್ಲಿ ಇಷ್ಟು ನೀರಿದೆ, ಇಷ್ಟು ಏರಿಯಾಕ್ಕೆ ಹಂಚಬೇಕು. ಸಾಹೇಬರು ಕೊನೆಯ ಮನೆಯಿಂದ ಶುರು ಮಾಡುತ್ತಿದ್ದರು. ಕುಡಿಯುವ ನೀರಾದರೆ ಕಟ್ಟಕಡೆಯ ನಳ, ಹೊಲಸು ನೀರಾದರೆ ಎಲ್ಲರಿಗಿಂತ ತಗ್ಗಿನಲ್ಲಿರುವ ಸಂಡಾಸು. "ಮ್ಯಾಲಿನವ್ರಿಗಿ ಕೊಡದ ಏನ್ ದೊಡ್ಡ ಕೆಲಸ? ಟಾಕಿ ಬಾಜೂಕ ಇದ್ದವ್ರಿಗಿ ದೇವರೇ ಕೊಡ್ತಾನ. ಪಗಾರ ಕೊಟ್ಟು ನನ್ನ ಇಟ್ಕೊಂಡಾರ ಅಂದ್ರ ಕೆಳಗಿನವರ ಸಲ್ಯಾಕ," ಎನ್ನುತ್ತಿದ್ದರು. ಒಮ್ಮೆ ಮಾತ್ರ, ರೊಟ್ಟಿ ಮುರಿಯುತ್ತ ಹೇಳಿದ್ದರು: "ನಮ್ಮೂರಾಗ ನಳ ಬಂದಾಗ ನಮ್ಮ ಓಣಿಗಿ ಎಲ್ಲರಕಿಂತ ಆಮ್ಯಾಲ ಬಂತು. ಪೈಪ್ ಸಾಲಂಗಿಲ್ಲ ಅಂದ್ರು. ಬುದ್ಧವಿಹಾರದ ಮುಂದ ಕೊಡ ಇಟ್ಕೊಂಡು ನಮ್ಮವ್ವ ಕೂತಿರ್ತಿದ್ಳು. ಪೈಪ್ ಯಾಕ ಸಾಲಂಗಿಲ್ಲ ನೋಡೇಬಿಡೂಣು ಅಂತ ಇಂಜಿನಿಯರ್ ಓದಿದೆ." ಅಷ್ಟು ಹೇಳಿ ಪುಂಡಿಪಲ್ಯ ನನ್ನ ಕಡೆ ಸರಿಸಿದರು. ಮತ್ತೆ ಆ ಸುದ್ದಿ ತೆಗೆಯಲಿಲ್ಲ.

ನಮ್ಮ ಲೈನಿನ ಕೊನೆಯ ಮನೆ ನೆಹರು ಗಂಜ್ ಎಂಬ ಧಾನ್ಯದ ಪೇಟೆಯ ಹಿಂದೆ ತಗ್ಗು ಓಣಿಯಲ್ಲಿತ್ತು. ಅಲ್ಲಿ ಒಬ್ಬ ಆಯಿ ಇದ್ದಳು. ಗಂಜಿನಲ್ಲಿ ಬೇಳೆ ಹಸನು ಮಾಡುವ ಕೂಲಿ ಮಾಡಿ ಈಗ ಮುಪ್ಪಾದವಳು. ಮೇಲಿನ ಏರಿಯಾದ, ಅಂದರೆ ನಮ್ಮ ಮನೆಯೂ ಸೇರಿದ ಏರಿಯಾದ, ಒಳಚರಂಡಿಯೆಲ್ಲ ಇಳಿದು ಅವಳ ಬಾಗಿಲ ಮುಂದಿನ ಮುಚ್ಚಳದ ಗುಂಡಿಗೇ, ಎಂದರೆ ಚೇಂಬರಿಗೇ, ಬರುತ್ತಿತ್ತು. ಪೈಪು ಹಾಕಿದ ಕಾಲಕ್ಕೆ ಮೇಲೆ ಬೆರಳೆಣಿಕೆಯ ಮನೆಗಳು. ಈಗ ಅಲ್ಲೆಲ್ಲ ಅಂತಸ್ತಿನ ಮೇಲೆ ಅಂತಸ್ತು. ಪೈಪು ಮಾತ್ರ ಅದೇ.

ಮೇಲಿನವರು ಯಾರೇ ಹೊಸ ಒಳಚರಂಡಿ ಕನೆಕ್ಷನ್ನಿಗೆ ಅರ್ಜಿ ಹಾಕಲಿ, ಸಾಹೇಬರು ಸಹಿ ಮಾಡುವ ಮೊದಲು ಅವರನ್ನು ಆಯಿಯ ಮನೆಗೆ ಕರೆದೊಯ್ದು ಚಹಾ ಕುಡಿಸುತ್ತಿದ್ದರು. ಯಾವ ಕಾಯ್ದೆಯಲ್ಲೂ ಇಲ್ಲದ ಪದ್ಧತಿ ಅದು. ಚಹಾಪುಡಿ, ಸಕ್ಕರೆ ಅವರೇ ಒಯ್ಯುತ್ತಿದ್ದರು. ಬೆಳಿಗ್ಗೆ ಮೇಲಿನವರೆಲ್ಲ ಸ್ನಾನಕ್ಕೆ, ಸಂಡಾಸಿಗೆ ಹೋಗುವ ಹೊತ್ತನ್ನೇ ಆರಿಸುವರು. ಒಬ್ಬ ಲಾಡ್ಜಿನ ಮಾಲೀಕ ನಾಲ್ಕು ಅಂತಸ್ತಿಗೆ ಕನೆಕ್ಷನ್ ಕೇಳಿ ಬಂದಿದ್ದ. ಬಿಳಿ ಬೂಟು, ಬಿಳಿ ಪ್ಯಾಂಟು. ಅವತ್ತು ನಾನೂ ಹೋಗಿದ್ದೆ, ಬಿಟ್ಟಿ ಚಹಾ ಎಂದು. ಲಾಡ್ಜಿನವನು ಮಂಚದ ತುದಿಯಲ್ಲಿ ಕೂತು ಕಪ್ಪು ಬಾಯಿಗೆ ತಂದಿದ್ದಷ್ಟೇ, ಹೊರಗೆ ಚೇಂಬರು "ಗುಳುಗುಳು" ಎಂದಿತು.

"ಅದೇನ್ರಿ ಸದ್ದು?"

"ನಿಮ್ಮ ಓಣಿಯವ್ರು ಮಾರಿ ತೊಳ್ಕೊಳ್ಳಾಕತ್ತಾರ," ಎಂದಳು ಆಯಿ. "ಇನ್ನ ಜರಾ ತಡೀರಿ, ಅರಬಿ ಒಗೀತಾರ. ಅವಾಗ ಮುಚ್ಚಳ ಕುಣೀತದ."

ಲಾಡ್ಜಿನವನು ಬೂಟು ಎರಡೂ ಮೇಲೆತ್ತಿಕೊಂಡ. ಸಾಹೇಬರು ಎರಡು ಸಲ ಕೆಮ್ಮಿ, "ಕೇಳ್ರಿ, ಹಿಂಗದ," ಎಂದರು. "ಇದು ದೊಡ್ಡ ಪೈಪ್ ಆಗೋತನಕ ನಿಮಗ ಇಲ್ಲ. ಆತಂದ್ರ ಮೊದಲನೇದು ನಿಮಗ. ಪೈಪಿಗಿ ರೊಕ್ಕ ಬೇಕು. ರೊಕ್ಕಕ್ಕ ನೀರಿನ ದರ ಏರಸ್ಬೇಕು. ಮೀಟಿಂಗಿನಾಗ ನೀವು ಎದ್ದು ಹೂಂ ಅನಬೇಕು."

ಆಶ್ಚರ್ಯವೆಂದರೆ ಆತ ಹೂಂ ಎಂದ. ಹೀಗೆ ಒಬ್ಬೊಬ್ಬರನ್ನೇ ಕೂರಿಸಿ, ಚಹಾ ಕುಡಿಸಿ, ಎರಡು ವರ್ಷ ತೆಗೆದುಕೊಂಡು ಸಾಹೇಬರು ಮೇಲಿನ ಏರಿಯಾವನ್ನು ಒಪ್ಪಿಸಿದ್ದರು. ಮನೆಗೊಂದೇ ದರ ಹೋಗಿ ಮೀಟರು ಬರಬೇಕು, ಹೆಚ್ಚು ಬಳಸಿದವರು ಹೆಚ್ಚು ಕೊಡಬೇಕು, ಹಾಗೆ ಬಂದದ್ದರಲ್ಲಿ ಆಯಿಯ ಓಣಿಗೆ ದೊಡ್ಡ ಪೈಪು ಬೀಳಬೇಕು. ದರ ಏರಿಸುತ್ತೇನೆ ಎಂದು ಬಂದವನನ್ನು ಜನ ಕೂರಿಸಿ ಮಾತಾಡಿಸಿದ್ದು ನಮ್ಮೂರಿನಲ್ಲಿ ನಾನು ಕಂಡದ್ದು ಅದೊಂದೇ ಸಲ. ಅವರು ನಂಬಿದ್ದು ದರವನ್ನಲ್ಲ, ಸಾಹೇಬರನ್ನು.

ಪೈಪು ಬರುವ ತನಕ ಅವರು ಒಂದು ಉಪಾಯ ಮಾಡಿದ್ದರು. ನೀರು ಬರುವ ದಿನ ಮೇಲಿನ ಏರಿಯಾಕ್ಕೆ ಒಮ್ಮೆಲೇ ಬಿಡುತ್ತಿರಲಿಲ್ಲ. ಮುಂಜಾನೆ ಸ್ವಲ್ಪ, ನಿಲ್ಲಿಸಿ, ಸಂಜೆಗೆ ಉಳಿದದ್ದು. ನಳ ಬಂದರೆ ಎಲ್ಲರೂ ಅದೇ ಹೊತ್ತಿಗೆ ಒಗೆಯುತ್ತಾರೆ, ತೊಳೆಯುತ್ತಾರೆ. ಅಷ್ಟೂ ಒಮ್ಮೆಲೇ ಕೆಳಗಿಳಿದರೆ ಹಳೆಯ ಪೈಪು ತಡೆಯುವುದಿಲ್ಲ. ಎರಡು ಕಂತಾದರೆ ತಡೆಯುತ್ತದೆ. ಇದು ಈಗ ನನಗೆ ತಿಳಿದದ್ದು. ಆಗ ನಾನು ಇದಕ್ಕೆ "ಸಾಹೇಬರ ಹಟ" ಎಂದು ಹೆಸರಿಟ್ಟಿದ್ದೆ.

ಮೇಲಿನ ಏರಿಯಾದ ವಾಲ್ವ್ ತಿರುಗಿಸುವವರು ಹುಸೇನ್ ಮಾಮಾ. ಅವರೂ ಗುತ್ತಿಗೆಯವರೇ, ನನಗಿಂತ ಇಪ್ಪತ್ತು ವರ್ಷ ಹಳೆಯ ಗುತ್ತಿಗೆ. ನಮ್ಮಲ್ಲಿ ವಾಲ್ವ್ ತೆಗೆಯುವುದು, ಹಾಕುವುದು ಎಲ್ಲ ಬಾಯಿಮಾತು. ಕಾಗದವಿಲ್ಲ, ಸಹಿಯಿಲ್ಲ. ಸಾಹೇಬರು ನನ್ನ ಟೇಬಲ್ಲಿನ ಫೋನ್ ಎತ್ತಿ ಹೇಳುವರು, ಅತ್ತ ಹುಸೇನ್ ಮಾಮಾ ಕಬ್ಬಿಣದ ಚಾವಿ ಎತ್ತಿ ಅಷ್ಟು ಸುತ್ತು ತಿರುಗಿಸುವರು. ಅರ್ಧ ಊರಿನ ನೀರು ಒಬ್ಬರ ಧ್ವನಿಯ ಮೇಲೆ ನಡೆಯುತ್ತಿತ್ತು.

ಇನ್ನು ಮುಂದಿನದನ್ನು ಯಾರ ಧ್ವನಿಯಲ್ಲಿ ಹೇಳಿದರೂ ಹಗುರವಾಗುವುದಿಲ್ಲ.

ನನ್ನ ಅಕ್ಕನ ಮಗುವಿನ ತೊಟ್ಟಿಲ ಕಾರ್ಯ ನಮ್ಮ ಮನೆಯಲ್ಲಿತ್ತು. ಅದೇ ದಿನ ನೀರಿನ ಪಾಳಿಯೂ ಬಂತು. ಬೀಗರು ಬಂದಿಳಿದಾರು, ಹನ್ನೊಂದಕ್ಕೆ ನಳ ನಿಂತರೆ ಪಾತ್ರೆಪಗಡಿ ಗತಿಯೇನು ಎಂದು ಅವ್ವ ಹಿಂದಿನ ದಿನದಿಂದಲೇ ನನ್ನ ಹಿಂದೆ ಬಿದ್ದಿದ್ದಳು. "ನೀರಿನ ಆಫೀಸಿನಾಗ ಅದಾನ ನನ್ನ ಮಗ ಅಂತ ಊರೆಲ್ಲಾ ಹೇಳೀನಿ. ಒಂದು ತಾಸು ನಳ ಹೆಚ್ಚಿಗಿ ಬಿಡಸ್ಲಾಕ ಆಗಂಗಿಲ್ಲ ನಿನಗ? ಅಲ್ಲೇನ್ ಕುರ್ಚಿ ಒರಸ್ತಿ?" ಅವತ್ತು ಬೆಳಿಗ್ಗೆ ಬಂದಿಳಿದ ಬೀಗರ ಎದುರಿಗೇ ಅಂದಳು. ಭಾವ ಮೀಸೆಯಲ್ಲಿ ನಕ್ಕ.

ಆಫೀಸಿಗೆ ಬಂದೆ. ಸಾಹೇಬರು ಶುದ್ಧೀಕರಣ ಘಟಕಕ್ಕೆ ಹೋಗಿದ್ದರು. ಫೋನ್ ನನ್ನ ಎದುರಿಗಿತ್ತು. ಎತ್ತಿದೆ.

"ಹುಸೇನ, ಕೇಳು, ಹಿಂಗದ. ಇವತ್ತ ಮ್ಯಾಲಿನ ಏರಿಯಾ ನಡುವ ಬಂದ್ ಮಾಡಬ್ಯಾಡ. ಒಮ್ಮೆಲೇ ಬಿಟ್ಟುಬಿಡು."

ಆ ಕಡೆ ಹುಸೇನ್ ಮಾಮಾ ಇನ್ನೇನೋ ಮಾತಿಗೆ ಕಾದಂತಿತ್ತು. ಆಮೇಲೆ, "ಜೀ ಸಾಬ್," ಎಂದರು.

ಫೋನ್ ಇಟ್ಟು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮನೆಯಲ್ಲಿ ನಳ ಸಂಜೆಯ ತನಕ ಧೋ ಎಂದಿತು. ಅವ್ವ ಬೀಗರ ಮುಂದೆ ನನ್ನ ತಟ್ಟೆಗೆ ಎರಡು ಹೋಳಿಗೆ ಹೆಚ್ಚು ಹಾಕಿದಳು. ನಮ್ಮ ಓಣಿಯಲ್ಲಿ ಅವತ್ತು ಜನ ಹಾಸಿಗೆ ಒಗೆದರು, ಅಂಗಳ ತೊಳೆದರು, ಆಟೋ ತೊಳೆದರು. ಅಷ್ಟೂ ನೀರು ಕೆಳಗಿಳಿಯಿತು.

ಮರುದಿನ ಮೊದಲ ಫೋನು ತಗ್ಗು ಓಣಿಯಿಂದ. ಆಯಿಯ ಮನೆಯೊಳಗೆ ಸಂಡಾಸಿನಿಂದಲೇ ನೀರು ಉಕ್ಕಿ ಬಂದಿತ್ತು, ಮಂಚದ ಕಾಲು ಮುಳುಗುವಷ್ಟು. ಜೋಳದ ಚೀಲ, ಕೌದಿಗಳು, ಹಿಟ್ಟಿನ ಡಬ್ಬಿ ಎಲ್ಲ ಹೊಲಸಾಗಿತ್ತು. ಆಯಿ ಪಕ್ಕದ ಮನೆಯ ಕಟ್ಟೆಯ ಮೇಲೆ ಕಾಲು ಮಡಚಿ ಕೂತಿದ್ದಳಂತೆ. ನಾನು ಕಂಪ್ಯೂಟರಿನಲ್ಲಿ "ಒಳಚರಂಡಿ ತುಂಬಿ ಹರಿದಿದೆ" ಎಂದು ತುಂಬಿದೆ. ಸಾಹೇಬರು ಡಬ್ಬಿಯ ಚೀಲ ಟೇಬಲ್ಲಿನ ಮೇಲಿಟ್ಟವರೇ ಹೋದರು. ಸಂಜೆ ಬಂದಾಗ ಪ್ಯಾಂಟು ಮೊಣಕಾಲಿನ ತನಕ ತೊಯ್ದಿತ್ತು. ಡಬ್ಬಿ ಹಾಗೇ ಇತ್ತು.

ನಾಲ್ಕು ದಿನಕ್ಕೆ ದರದ ಮೀಟಿಂಗು. ಎರಡು ವರ್ಷ ಕಾದ ಮೀಟಿಂಗು. ವಾರ್ಡಿನ ಶಾಲೆಯ ಅಂಗಳದಲ್ಲಿ ಶಾಮಿಯಾನ. ನಾನು ಮೂಲೆಯಲ್ಲಿ ನಡಾವಳಿ ಬರೆದುಕೊಳ್ಳಲು ಕೂತಿದ್ದೆ. ಸಾಹೇಬರು ಮೈಕಿನ ಮುಂದೆ ನಿಂತು ಬಾಯಿ ತೆರೆಯುವ ಮೊದಲೇ ತಗ್ಗು ಓಣಿಯವರು ಎದ್ದರು. ಅವರ ಬೆನ್ನಿಗೆ ಲಾಡ್ಜಿನವನೂ ಎದ್ದು ದನಿ ಎತ್ತಿದ.

"ಎರಡು ಕಂತು ಅಂತ ನೀವೇ ಕಾಯ್ದೆ ಮಾಡ್ತೀರಿ, ನೀವೇ ಮುರೀತೀರಿ. ಯಾರ ಮನಿಗಿ ಬಿಟ್ರಿ ಅವತ್ತ ಅಷ್ಟು ನೀರು? ನಮಗ ಇಲ್ಲ ಅಂದ್ರಿ, ಚಾ ಕುಡಿಸಿ ಕಳಿಸಿದ್ರಿ. ಕುಡಿದು ಬಂದ್ವಿ. ಈಗ ಯಾರ್ದು ವಶೀಲಿ ನಡೀತು?"

ವೇದಿಕೆಯ ಮೇಲಿದ್ದ ದೊಡ್ಡ ಅಧಿಕಾರಿ ಹುಸೇನ್ ಮಾಮಾರನ್ನು ಎಬ್ಬಿಸಿದರು. "ಯಾರ್ ಹೇಳಿದ್ರೋ ನಿನಗ ವಾಲ್ ಬಂದ್ ಮಾಡಬ್ಯಾಡ ಅಂತ?" ಮಾಮಾ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. ಒಂದು ಮಾತು ತಪ್ಪಿದರೆ ನಾಳೆಯಿಂದ ಚಾವಿ ಬೇರೆಯವರ ಕೈಗೆ ಎಂದು ಅವರಿಗೆ ಗೊತ್ತಿತ್ತು. "ಸಾಹೇಬ್ರೇ ಫೋನ್ ಮಾಡಿದ್ರು ಸಾಬ್. ಕಸಮ್ ಸೇ. ಅವರದೇ ಆವಾಜ್ ಇತ್ತು."

ಎಲ್ಲರ ಮುಖ ಸಾಹೇಬರ ಕಡೆ ತಿರುಗಿತು. ಸಾಹೇಬರು ಹುಸೇನ್ ಮಾಮಾರನ್ನು ನೋಡಿದರು. ಆಮೇಲೆ ಬಹಳ ನಿಧಾನವಾಗಿ ಮೂಲೆಯಲ್ಲಿ ಕೂತ ನನ್ನನ್ನು ನೋಡಿದರು. ನಾನು ತಲೆ ಬಗ್ಗಿಸಿ ಪೆನ್ನಿನ ಕ್ಯಾಪು ತಿರುಗಿಸತೊಡಗಿದೆ. ಎದ್ದು ನಿಂತು "ನಾನ್ರಿ" ಎಂದಿದ್ದರೆ ಸಾಕಿತ್ತು. ನಲವತ್ತು ಧ್ವನಿ ಇದ್ದವನ ಬಾಯಲ್ಲಿ ಅವತ್ತು ಒಂದೂ ಇರಲಿಲ್ಲ.

ಮೈಕಿನಲ್ಲಿ ಎರಡು ಕೆಮ್ಮು ಕೇಳಿಸಿತು.

"ಹುಸೇನಂದು ತಪ್ಪಿಲ್ಲ. ಫೋನ್ ನಮ್ಮ ಆಫೀಸಿಂದ ಹೋಗ್ಯಾದ. ಸೆಕ್ಷನ್ ನಂದು, ಜವಾಬ್ದಾರಿ ನಂದು."

ತಾವೇ ಹೇಳಿದ್ದು ಎಂದೂ ಅನ್ನಲಿಲ್ಲ, ಹೇಳಿಲ್ಲ ಎಂದೂ ಅನ್ನಲಿಲ್ಲ. ಇಲ್ಲ ಎಂದಿದ್ದರೆ ಮಾಮಾರ ಕೆಲಸ ಅಲ್ಲೇ ಹೋಗುತ್ತಿತ್ತು. ಜನ ಕೇಳಿಸಿಕೊಂಡದ್ದು ಮಾತ್ರ ಒಂದೇ: ಈ ಮನುಷ್ಯನೂ ಎಲ್ಲರ ಹಾಗೇ. ದರವೂ ಬೇಡ, ಮೀಟರೂ ಬೇಡ ಎಂದು ಎದ್ದು ಹೋದರು. ನಡಾವಳಿಯಲ್ಲಿ ನನ್ನ ಕೈಯಿಂದಲೇ ಬರೆದೆ: "ವಿಷಯವನ್ನು ಮುಂದೂಡಲಾಯಿತು." ಇವತ್ತಿಗೂ ಅದು ಮುಂದೂಡಿಯೇ ಇದೆ. ಆಯಿಯ ಮನೆಯ ಮುಂದೆ ಅದೇ ಪೈಪು.

ಸಾಹೇಬರನ್ನು ಟಪಾಲು ವಿಭಾಗಕ್ಕೆ ಹಾಕಿದರು. ಹೋಗುವ ಹಿಂದಿನ ದಿನ ನನ್ನನ್ನು ಕರೆದು, "ಒಂದು ಆದೇಶ ಹೇಳ್ತೀನಿ, ಟೈಪ್ ಮಾಡು," ಎಂದರು. ನಾನು ಕೂತೆ. ಇನ್ನು ಮುಂದೆ ವಾಲ್ವಿನ ಆದೇಶ ಆಫೀಸಿನ ಫೋನಿನಲ್ಲಿ ಬಂದರೆ ವಾಲ್ವ್‌ಮನ್‌ಗಳು ತಕ್ಷಣ ಪಾಲಿಸತಕ್ಕದ್ದಲ್ಲ; ಇಂಜಿನಿಯರರ ಸ್ವಂತ ಮೊಬೈಲಿಗೆ ತಿರುಗಿ ಫೋನ್ ಮಾಡಿ ಖಾತ್ರಿ ಮಾಡಿಕೊಂಡ ನಂತರವೇ ತೆಗೆಯತಕ್ಕದ್ದು. ಅವರು ಒಂದೊಂದೇ ಪದ ಬಿಡಿಸಿ ಹೇಳಿದರು. ನಾನು ಟೈಪ್ ಮಾಡಿದೆ. ಓದಿ ನೋಡಿ, ಸಹಿ ಹಾಕಿ, "ಛಂದ ಮಾಡಿದಿ. ತಪ್ಪಿಲ್ಲ," ಎಂದರು. ಅಷ್ಟೇ. ಡಬ್ಬಿಯಲ್ಲಿ ಹಣ್ಣಿತ್ತು, ತೆಗೆದು ನನ್ನ ಮುಂದಿಟ್ಟರು. "ಎಲ್ಲಿ, ನಮ್ಮನ್ನ ಕರಿ" ಎಂದು ಮತ್ತೆ ಎಂದೂ ಕೇಳಲಿಲ್ಲ.

ಟಪಾಲು ವಿಭಾಗದಲ್ಲಿ ಒಂದು ವರ್ಷ ಲಕೋಟೆಗಳಿಗೆ ಸಿಕ್ಕೆ ಒತ್ತಿ ನಿವೃತ್ತರಾದರು. ಬೀಳ್ಕೊಡುವ ದಿನ ಹಾರ, ಶಾಲು ಎಲ್ಲ ಬಂದವು. ಅವರು ಮಾತ್ರ ಮಧ್ಯಾಹ್ನದ ಬಸ್ಸಿಗೇ ಕಮಲಾಪುರಕ್ಕೆ ಹೋಗಿದ್ದರು. ಸಲಾಕೆ ಟೇಬಲ್ಲಿನ ಕೆಳಗೆ ಉಳಿದಿತ್ತು.

ಅದನ್ನು ಕೊಟ್ಟು ಬರುವ ನೆಪ ಮಾಡಿಕೊಂಡು ನಾನು ಒಮ್ಮೆ ಹೋದೆ. ಬಸ್ಸಿನುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದೆ. ಅವರು ಹಿತ್ತಲಿನಲ್ಲಿ ಬಾಳೆಗೆ ನೀರು ಬಿಡುತ್ತಿದ್ದರು. ರಬ್ಬರು ಪೈಪನ್ನು ಸಾಲಿನ ಕಟ್ಟಕಡೆಯ ಗಿಡದ ತನಕ ಎಳೆದುಕೊಂಡು ಹೋಗಿ ಅಲ್ಲಿಂದ ಹಿಂದಕ್ಕೆ ಬರುತ್ತಿದ್ದರು. "ಇಲ್ಲೂ ಅದೇನ್ರಿ?" ಎಂದೆ. "ಚಾಳಿ. ಹೋಗಂಗಿಲ್ಲ," ಎಂದು ನಕ್ಕರು. ಮಗಳು ಚಹಾ ತಂದಳು. "ಅಣ್ಣಾ, ಅಪ್ಪ ಅಂತಿರ್ತಾರ, ಏನರ ಮಾಡಿ ತೋರಸ್ರಿ," ಎಂದಳು. ನಾನು ಹೊಸ ಸಾಹೇಬರು ಮೊಬೈಲಿನಲ್ಲಿ ಹೆಂಡತಿಗೊಂದು ಧ್ವನಿ, ಮೆಂಬರಿಗೊಂದು ಧ್ವನಿ ಮಾಡುವುದನ್ನು ತೋರಿಸಿದೆ. ಮನೆಮಂದಿಯೆಲ್ಲ ನಕ್ಕರು. ಸಾಹೇಬರೂ ನಕ್ಕರು, ಮೊದಲಿನ ಹಾಗೇ ಕಣ್ಣಲ್ಲಿ ನೀರು ಬರುವ ತನಕ. ನಗುವಾಗ ಎದೆ ಹಿಡಿದುಕೊಂಡದ್ದನ್ನು ಕಂಡೆ. ಏನೋ ಎಂದು ಬಿಟ್ಟೆ.

ಬಸ್ ಸ್ಟ್ಯಾಂಡಿನ ತನಕ ಬಂದರು. ಪೇಪರಿನಲ್ಲಿ ಸುತ್ತಿದ ಹಣ್ಣಿನ ಗೊನೆಯ ತುಂಡು ನನ್ನ ಕೈಗಿತ್ತರು. ಬಸ್ಸು ಬಂತು. ನಾನು ಮೆಟ್ಟಿಲ ಮೇಲೆ ಕಾಲಿಟ್ಟಾಗ, "ಮತ್ತೇನರ ಹೇಳದ ಅದೇನು?" ಎಂದು ಕೇಳಿದರು.

"ಏನಿಲ್ರಿ," ಎಂದೆ.

ಅವರು ಬಸ್ಸಿನ ಬಾಗಿಲ ಕಂಬಿಯಿಂದ ಕೈ ತೆಗೆದರು. "ಆತು. ಅವ್ವಗ ಕೇಳೀನಂತ ಹೇಳು," ಎಂದು ತಿರುಗಿದರು.

ಇನ್ನೊಮ್ಮೆ ಹೋದದ್ದು ಮಗಳ ಫೋನು ಬಂದ ಆ ದಿನವೇ. ಎಲ್ಲ ಮುಗಿಸಿ ಹಿಂದಿರುಗುವ ಬಸ್ಸಿನಲ್ಲಿ ಹುಸೇನ್ ಮಾಮಾ ನನ್ನ ಪಕ್ಕದಲ್ಲಿ ಕೂತಿದ್ದರು. ಕಮಲಾಪುರ ದಾಟಿದ ಮೇಲೆ ಅವರೇ ಮಾತು ತೆಗೆದರು.

"ಬೇಟಾ, ಅವತ್ತ ಮೀಟಿಂಗಿನಾಗ ನಾ ಅವರ ಹೆಸರು ಹೇಳಬಾರದಿತ್ತು. ಒಂದು ಸಲ ತಪ್ಪಿ ಹೇಳಿರಬೇಕು, ಮನುಷ್ಯಾ ಅಲ್ಲೇನು? ನಾನೇ ಮೈಮ್ಯಾಲ ಹಾಕ್ಕೊಬೇಕಿತ್ತು. ನೌಕರಿ ಹೋಗ್ತದ ಅಂತ ಹೆದರಿ ಅಂತಾವ್ರ ಮರ್ಯಾದಿ ಕಳದೆ. ಹೋಗಿ ಮಾಫಿ ಕೇಳಬೇಕಂತ ಮಾಡಿದ್ದೆ. ಇವತ್ತ ಹೋದೆ ನೋಡು."

ಕಿಟಕಿಯ ಕಡೆ ಮುಖ ಮಾಡಿ ಟವೆಲಿನಿಂದ ಕಣ್ಣು ಒರೆಸಿಕೊಂಡರು. ಎರಡು ವರ್ಷದಿಂದ ನನ್ನ ತಪ್ಪನ್ನು ಈ ಮನುಷ್ಯ ಹೊತ್ತುಕೊಂಡು ಚಾವಿ ತಿರುಗಿಸುತ್ತಿದ್ದರು.

"ಮಾಮಾ, ಫೋನ್ ಮಾಡಿದಾವ ನಾನು," ಎಂದೆ.

ಕಂಡಕ್ಟರು ಬಂದು ಟಿಕೆಟ್ ಕೇಳಿದ. ಮಾಮಾ ಇಬ್ಬರದೂ ತೆಗೆಸಿದರು. ಆತ ಮುಂದೆ ಹೋದ ಮೇಲೆ, "ಫಿರ್ ಬೋಲ್," ಎಂದರು. ಮತ್ತೆ ಹೇಳಿದೆ: ತೊಟ್ಟಿಲ ಕಾರ್ಯ, ಅವ್ವ, ಭಾವನ ನಗು, ಎಲ್ಲ. ಬೈಯುತ್ತಾರೆ, ಹೊಡೆದರೂ ಹೊಡೆದಾರು ಎಂದು ಕಾದೆ. ಅವರು ಟಿಕೆಟ್ ಎರಡನ್ನೂ ಮಡಚಿ ಜೇಬಿಗೆ ಹಾಕಿಕೊಂಡರು.

"ಅವತ್ತ ನನಗ ಒಂದು ಅನಸ್ತು," ಎಂದರು ಕೊನೆಗೆ. "ಸಾಹೇಬ್ರು ಯಾವಾಗ್ಲೂ ವಾಲ್ ಮಾತು ಹೇಳೋಕಿಂತ ಮೊದಲ ಕೇಳ್ತಿದ್ರು, 'ಹುಸೇನ, ಕೊನೀ ಮನಿ ನೋಡಿ ಬಂದಿ?' ಇಪ್ಪತ್ತು ವರ್ಷದಾಗ ಒಂದಿನ ತಪ್ಪಿಲ್ಲ. ಅವತ್ತ ಕೇಳಲಿಲ್ಲ. ಮೈಯಾಗ ಆರಾಮಿಲ್ಲೇನೋ ಅಂದ್ಕೊಂಡೆ. ಕೇಳಬೇಕಿತ್ತು ನಾನು."

ಆ ಪ್ರಶ್ನೆಯನ್ನು ನನ್ನ ಟೇಬಲ್ಲಿನ ಎದುರಿಗೇ ನಿಂತು ಅವರು ದಿನಾ ಕೇಳುತ್ತಿದ್ದರು. ಕೆಮ್ಮು ಕಲಿತೆ, ಮುಷ್ಟಿ ಕಲಿತೆ, "ಹಿಂಗದ" ಕಲಿತೆ. ನಗು ಬರುವಂಥದ್ದೆಲ್ಲ ಕಲಿತೆ. ಅದರಲ್ಲಿ ನಗುವಂಥದ್ದೇನೂ ಇರಲಿಲ್ಲವಾದ್ದರಿಂದ ನನ್ನ ಕಿವಿಗೆ ಅದು ಬೀಳಲೇ ಇಲ್ಲ.

ಊರು ಬಂತು. ಇಳಿದು ನಾನು ಮನೆಯ ಕಡೆ ಹೊರಟೆ. ಮಾಮಾ ನನ್ನ ಅಂಗಿಯ ತೋಳು ಹಿಡಿದರು.

"ಎಲ್ಲಿಗಿ ಹೊಂಟಿ? ಬಾ ಈ ಕಡಿ."

ಗಂಜಿನ ಹತ್ತಿರ ಒಂದು ಅಂಗಡಿಯಲ್ಲಿ ಚಹಾಪುಡಿ, ಸಕ್ಕರೆ ಕಟ್ಟಿಸಿಕೊಂಡರು. ಆಗ ನನಗೆ ಗೊತ್ತಾಯಿತು ಎಲ್ಲಿಗೆಂದು. ತಗ್ಗು ಓಣಿಯ ಇಳಿಜಾರಿನಲ್ಲಿ ಅವರು ಮುಂದೆ, ನಾನು ಹಿಂದೆ.

ಆಯಿ ಬಾಗಿಲಲ್ಲೇ ಇದ್ದಳು. "ಸಾಹೇಬ ಹೋದನಂತಲ್ಲೋ ಹುಸೇನ," ಎಂದಳು. ಪುಡಿಯ ಪೊಟ್ಟಣ ನೋಡಿ, "ಯಾರನ್ನ ಕರ್ಕೊಂಡು ಬಂದಿ? ಇವಗ ಕನೆಕ್ಷನ್ ಬೇಕೇನು?" ಎಂದಳು.

"ಇಂವ ನಮ್ಮ ಆಫೀಸಿನಾವ, ಆಯಿ. ಚಾ ಕುಡೀತಾನ. ಒಂದು ಮಾತು ಹೇಳೋದದ ಅವನದು."

ಲಾಡ್ಜಿನವನು ಕೂತಿದ್ದ ಅದೇ ಮಂಚದ ತುದಿಯಲ್ಲಿ ಕೂತೆ. ಗೋಡೆಯ ಮೇಲೆ, ಮಂಚದ ಅಂಚಿಗೆ ಸರಿಯಾಗಿ, ಒಂದು ಕಂದು ಗೆರೆ ಕೋಣೆಯ ಸುತ್ತಲೂ ಓಡಿತ್ತು. ಎರಡು ಸಲ ಸುಣ್ಣ ಹೊಡೆದರೂ ಹೋಗಿಲ್ಲವೆಂದು ಆಯಿ ನಾನು ನೋಡುವುದನ್ನು ಕಂಡು ಹೇಳಿದಳು. ಸ್ಟೋವಿನ ಮೇಲೆ ನೀರು ಕುದಿಯಿತು. ಹೊರಗೆ ಚೇಂಬರು ಗುಳುಗುಳು ಎಂದಿತು. ಮೇಲೆ ನಮ್ಮ ಓಣಿಯಲ್ಲಿ ಸಂಜೆಯ ನಳ ಬಂದಿರಬೇಕು.

ಅವಳು ಕಪ್ಪು ನನ್ನ ಕೈಗಿತ್ತು ಎದುರಿಗೆ ಕುಕ್ಕರಗಾಲಲ್ಲಿ ಕೂತಳು. "ಕುಡಿಯಪ್ಪಾ. ಹೇಳು, ಏನದು?"

ನಾನು ಕಪ್ಪು ಕೆಳಗಿಟ್ಟೆ. ಕೈ ತಾನಾಗಿಯೇ ಮುಷ್ಟಿಯಾಗಿ ಬಾಯಿಗೆ ಬಂತು. ಎರಡು ಸಲ ಕೆಮ್ಮಿದೆ. ಹುಸೇನ್ ಮಾಮಾ ತಟ್ಟನೆ ತಲೆಯೆತ್ತಿ ನನ್ನನ್ನು ನೋಡಿದರು. ನಾನು ಯಾರ ಧ್ವನಿಯನ್ನೂ ಮಾಡುತ್ತಿರಲಿಲ್ಲ.